ಮೆಡಿಕಲ್‌ನವರು ಕೊಟ್ಟ ಕ್ರೀಮ್ ಮುಖಕ್ಕೆ ಹಚ್ಚುವ ಮುಂಚೆ ಇದನ್ನು ಓದಿ

ಹಣೆ ಮೇಲೆ, ಕಣ್ಣ ಕೆಳಗೆ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು. ನೋವಿಲ್ಲ, ಕೀವಿಲ್ಲ. ಕೈಯಾಡಿಸಿದರೆ ರವೆ ಮುಟ್ಟಿದ ಹಾಗೆ. ವರ್ಷವಾದರೂ ಹೋಗಿರಲಿಲ್ಲ. ತಂಗಿಯ ಮದುವೆ ಹತ್ತಿರ ಬಂತು ಅಂತ ನಮ್ಮ ಓಣಿಯ ಮೆಡಿಕಲ್‌ನಲ್ಲಿ ಕೇಳಿದೆ. "ಇದನ್ನ ಹಚ್ರಿ ಅಕ್ಕಾರ, ಎಂಟ ದಿನದಾಗ ಮಾರಿ ನುಣ್ಣಗ ಆಗ್ತದ" ಅಂದರು. ಡಾಕ್ಟರ್ ಚೀಟಿ ಕೇಳಲೇ ಇಲ್ಲ.

ನಿಜವಾಗಿಯೂ ವಾರದಲ್ಲಿ ಮುಖ ನುಣುಪಾಯಿತು, ಬಣ್ಣವೂ ತಿಳಿಯಾಯಿತು. ಮದುವೆಯಲ್ಲಿ ಕೇಳಿದ ಇಬ್ಬರಿಗೆ ಅದೇ ಟ್ಯೂಬಿನ ಹೆಸರು ಹೇಳಿದೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ನಾಲ್ಕು ತಿಂಗಳು ಹಚ್ಚಿದೆ. ಟ್ಯೂಬ್ ಮುಗಿದು ಕೆಲವು ದಿನ ಬಿಟ್ಟಿದ್ದೇ ತಡ, ಮುಖವೆಲ್ಲ ಕೆಂಪು, ಬಾಯಿ ಸುತ್ತ ಕೀವು ತುಂಬಿದ ಗುಳ್ಳೆ. ರೊಟ್ಟಿ ಬೇಯಿಸಲು ಹಂಚಿನ ಮುಂದೆ ಕೂತರೆ ಖಾರದ ಪುಡಿ ಸವರಿದಂಥ ಉರಿ. ನಮ್ಮ ವಿಜಯಪುರದ ಬಿಸಿಲು ಗೊತ್ತಲ್ವಾ, ಸೆರಗು ಮುಚ್ಚಿಕೊಂಡರೂ ಹೊರಗೆ ಹೋಗಲು ಆಗುತ್ತಿರಲಿಲ್ಲ. ಮತ್ತೆ ಹಚ್ಚಿದರೆ ಕಡಿಮೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಮುದುಡಿದ ಟ್ಯೂಬನ್ನು ಬಿಡಿಸಿ ಸಣ್ಣ ಅಕ್ಷರ ತೋರಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ಒಳಗಿನ ರಕ್ತನಾಳ ಕಾಣತೊಡಗುತ್ತದೆ. ನನ್ನ ಎಡಗೆನ್ನೆಯಲ್ಲಿ ಈಗಲೂ ಕೆಂಪು ದಾರದಂಥ ಎರಡು ಎಳೆ ಇವೆ. ಇಂಥ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಚೀಟಿ ಬೇಕಾದ ಔಷಧಿಯ ಮೇಲೆ ಕೆಂಪು ಗೆರೆ ಇರುತ್ತದೆ. ನಾನು ನೋಡಿರಲೇ ಇಲ್ಲ.

ಮೊದಲಿನ ಗುಳ್ಳೆಗಳಿಗೆ ಸ್ಟೀರಾಯ್ಡ್ ಬೇಕಾಗಿಯೇ ಇರಲಿಲ್ಲ. ಹಣೆಯವು ರಂಧ್ರಗಳಲ್ಲಿ ಜಿಡ್ಡು, ಸತ್ತ ಚರ್ಮ ಕಟ್ಟಿಕೊಂಡು ಆದವು. ತಲೆಯಿಂದ ಹಣೆಗೆ ಇಳಿಯುವ ಕೊಬ್ಬರಿ ಎಣ್ಣೆಯೂ ಕಾರಣ ಇರಬಹುದು ಅಂದರು. ಕಣ್ಣ ಕೆಳಗಿನ ಬಿಳಿ ಕಾಳುಗಳು ಮಿಲಿಯಾ. ಅದರೊಳಗೆ ಕೆರಾಟಿನ್ ಅನ್ನುವ ಚರ್ಮದ್ದೇ ಪ್ರೋಟೀನ್ ಗಟ್ಟಿಯಾಗಿ ಕೂತಿರುತ್ತದೆ, ಹಿಚುಕಿದರೆ ಕಲೆ ಬೀಳುತ್ತದೆ ಅಷ್ಟೇ. ಅವನ್ನು ಡಾಕ್ಟರ್ ಸೂಜಿ ಮೊನೆಯಿಂದ ಬಿಡಿಸಿದರು. ಉರಿ ಪೂರ್ತಿ ಇಳಿದ ಮೇಲೆ ಹಣೆಗೆ ರಾತ್ರಿ ಬಟಾಣಿ ಕಾಳಿನಷ್ಟು ಹಚ್ಚಲು ಅಡಾಪಲೀನ್ ಅನ್ನುವ, ರಂಧ್ರ ಕಟ್ಟದಂತೆ ನೋಡಿಕೊಳ್ಳುವ ಔಷಧಿ ಕೊಟ್ಟರು. ಫಲ ಕಾಣಲು 8ರಿಂದ 12 ವಾರ ಬೇಕು. ಬಸುರಿಯರು ಅದನ್ನು ಹಚ್ಚಬಾರದು.

ಆ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬಳು ಆಗಲೇ ಮೂರನೇ ಟ್ಯೂಬ್ ಒಡೆದಿದ್ದಳು. ನೀವೂ ಹಾಗೆ ಹಚ್ಚುತ್ತಿದ್ದರೆ ಒಮ್ಮೆಲೇ ಬಿಟ್ಟು ಸುಮ್ನೆ ಕೂರಬೇಡಿ. ಟ್ಯೂಬ್ ಕೈಯಲ್ಲಿ ಹಿಡಿದುಕೊಂಡೇ ಚರ್ಮದ ಡಾಕ್ಟರ್ ಹತ್ತಿರ ಹೋಗಿ.