ಬಳ್ಳಾರಿಯಲ್ಲಿ ಬೇಸಿಗೆ ಶಿಬಿರ ಮಾಡೋರು ಓದಿ: ರೊಕ್ಕ ಕೊಟ್ಟು ‘ಪಾಲಕರ ಲಿಸ್ಟ್’ ತಗೋಬೇಡಿ

ಮೊದಲೇ ಹೇಳ್ತೀನಿ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಬೇಸಿಗೆ ಶಿಬಿರ ಶುರು ಮಾಡೋ ಯೋಚನೆ ಇರೋರಿಗೆ ‘ಮಾರ್ಕೆಟ್ ಸರ್ವೆ ಮಾಡಿಕೊಡ್ತೀವಿ, ಜೊತೆಗೆ 5,000 ಪಾಲಕರ ನಂಬರ್’ ಅಂತ ಯಾರಾದ್ರೂ ಬಂದ್ರೆ ಚಹಾ ಕುಡಿಸಿ ಕಳಿಸಿ. ಅಡ್ವಾನ್ಸ್ ಕೊಡಬೇಡಿ. ನಾನು ಕೊಟ್ಟೆ. ಒಟ್ಟು 22,000ಕ್ಕೆ ಮಾತು, 12,000 ಮುಂಗಡ. ಬಿಲ್ಲೂ ಇಲ್ಲ. ಸಂಸ್ಥೆ ಹೆಸರು ಒಂದು, ಯುಪಿಐನಲ್ಲಿ ಬಂದ ಹೆಸರು ಇನ್ನೊಂದು. ಅಲ್ಲೇ ನಿಲ್ಲಿಸಬೇಕಿತ್ತು.

ಬಂದಿದ್ದು ಎರಡು ಫೈಲ್. ಒಂದು ಸರ್ವೆ, 212 ಉತ್ತರ. ಇನ್ನೊಂದು ನಂಬರ್ ಲಿಸ್ಟ್. ಸರ್ವೆ ಪ್ರಕಾರ 94% ಪಾಲಕರು ಮಕ್ಕಳನ್ನ ಶಿಬಿರಕ್ಕೆ ಕಳಿಸೋಕೆ ತಯಾರು. ನೋಡಿ ಖುಷಿಯೂ ಆಯ್ತು, ಅದೇ ನಾಚಿಕೆ.

ಆಮೇಲೆ ಪ್ರಶ್ನೆಗಳನ್ನ ಒಂದೊಂದೇ ಓದಿದೆ. ‘ಶಿಬಿರ ಯಾವ ತಿಂಗಳು ಬೇಕು?’ ಆಯ್ಕೆ: ಜೂನ್, ಜುಲೈ, ಆಗಸ್ಟ್. ಅಲ್ರೀ, ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರಕ್ಕೆ ಸೂಟಿ ಬಿಟ್ಟು, ಮೇ ಕೊನೆಗೆ ಬಾಗಿಲು ತೆಗೀತಾರೆ. ಜುಲೈನಲ್ಲಿ ಮಕ್ಕಳು ಟೆಸ್ಟ್ ಬರೀತಿರ್ತಾರೆ. ಇನ್ನೊಂದು ಪ್ರಶ್ನೆ, ‘ನಿಮ್ಮ ಮಗುವಿಗೆ ಶೇಂಗಾ ಅಲರ್ಜಿ ಇದೆಯೇ, ಕೆರೆಯಲ್ಲಿ ದೋಣಿ ಓಡಿಸೋ ಅನುಭವ ಇದೆಯೇ?’ ಶೇಂಗಾ ಚಟ್ನಿ ಇಲ್ಲದೆ ತಿಂಡಿ ಇಳಿಯದ ಊರಲ್ಲಿ ಈ ಪ್ರಶ್ನೆ! ಯಾವುದೋ ಅಮೆರಿಕದ ಫಾರ್ಮ್ ಎತ್ತಿ ಅನುವಾದ ಮಾಡಿದ್ದು. ಫೀಸಿನ ಕಾಲಂನಲ್ಲಿ ಎರಡು ಕಡೆ ಡಾಲರ್ ಗುರುತು ಹಾಗೇ ಉಳಿದಿದೆ.

ಕೇಳಬೇಕಾದ್ದು ಒಂದೂ ಕೇಳಿಲ್ಲ. ಮಗು ರಾಜ್ಯ ಪಠ್ಯಕ್ರಮವೋ ಸಿಬಿಎಸ್‌ಇಯೋ? ಇದು ಮೊದಲನೇ ಪ್ರಶ್ನೆ ಆಗಬೇಕು. ಸಿಬಿಎಸ್‌ಇ ಶಾಲೆಗಳಲ್ಲಿ ಏಪ್ರಿಲ್‌ನಲ್ಲೇ ಹೊಸ ತರಗತಿ ಶುರು, ಸೂಟಿ ಆಮೇಲೆ. ಏಪ್ರಿಲ್ 15ಕ್ಕೆ ಬ್ಯಾಚ್ ಇಟ್ರೆ ಅವರಲ್ಲಿ ಒಬ್ಬರೂ ಬರಲ್ಲ. ಮೇನಲ್ಲಿ ಇಟ್ರೆ ಉಳಿದವರು ಅಷ್ಟೊತ್ತಿಗೆ ಅಜ್ಜಿ ಊರಿಗೆ, ಮದುವೆಗೆ ಹೋಗಿರ್ತಾರೆ. ಹೊತ್ತು? ಫಾರ್ಮ್‌ನಲ್ಲಿ ಇದ್ದಿದ್ದು ‘10ರಿಂದ 4’ ಒಂದೇ. ಬಳ್ಳಾರಿ ಬಿಸಿಲಲ್ಲಿ 11ರ ಮೇಲೆ ಮಕ್ಕಳನ್ನ ಮೈದಾನಕ್ಕೆ ಬಿಡೋಕಾಗುತ್ತಾ? ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್-ಮೇಗೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಗ್ತವೆ. 7ರಿಂದ 10:30ರ ಬ್ಯಾಚ್ ಆದ್ರೆ ಅಪ್ಪ ಆಫೀಸಿಗೆ ಹೋಗೋವಾಗ ಬಿಟ್ಟು ಹೋಗಬಹುದು, ಕರ್ಕೊಂಡು ಹೋಗೋರು ಯಾರು? ಅಸಲಿ ಪ್ರಶ್ನೆ ಅದು. ಆಟೋ ಬೇಕಾ ಬೇಡವಾ ಅಂತ ಕೂಡ ಕೇಳಿಲ್ಲ.

ಈಗ ಮೋಸ ಗೊತ್ತಾದ ಕ್ಷಣಕ್ಕೆ ಬರ್ತೀನಿ. ಶೀಟ್ ತೆಗೆದ್ರೆ ಕಾಲಂಗಳು ಬಿ ಇಂದ ಶುರು. ಎ ಎಲ್ಲಿ? ಮುಚ್ಚಿಟ್ಟಿದ್ರು. ತೆರೆದೆ. ಉತ್ತರ ಬಂದ ಸಮಯ ಇತ್ತು. 212ರಲ್ಲಿ 131 ಉತ್ತರ ಒಂದೇ ರಾತ್ರಿ, 1:40ರಿಂದ 2:25ರ ಒಳಗೆ. ಅಂದ್ರೆ 20 ಸೆಕೆಂಡಿಗೆ ಒಂದು, ಫಾರ್ಮ್‌ನಲ್ಲಿ ಇರೋದು 19 ಪ್ರಶ್ನೆ. ‘ನಿಮ್ಮ ಅಭಿಪ್ರಾಯ’ ಕಾಲಂನಲ್ಲಿ 38 ಜನ ಬರೆದಿದ್ದು ‘ತುಂಬಾ ಒಳ್ಳೆಯ ಯೋಚನೆ’ ಅಂತ, 38 ಕಡೆಯೂ ಚುಕ್ಕಿಗೆ ಮುಂಚೆ ಒಂದು ಜಾಗ ಖಾಲಿ. ಕೈಕಾಲು ತಣ್ಣಗಾಯ್ತು ನೋಡಿ.

ಫೋನ್ ಮಾಡಿದೆ. ಮೊದಲ ಉತ್ತರ: ‘ಮೇಡಂ, ತಾಯಂದ್ರಿಗೆ ಪುರುಸೊತ್ತು ಸಿಗೋದೇ ರಾತ್ರಿ.’ ರಾತ್ರಿ ಎರಡು ಗಂಟೆಗಾ? ‘ಹಂಗಾದ್ರೆ ಟೈಮ್ ಝೋನ್ ತಪ್ಪಿರಬೇಕು.’ ಸರಿ, ಮಧ್ಯಾಹ್ನವೇ ಇರಲಿ, 20 ಸೆಕೆಂಡಿಗೆ ಒಂದು ಹೆಂಗೆ? ‘ನಮ್ಮ ಟೀಮ್ ದೊಡ್ಡದು ಮೇಡಂ.’ ಟೀಮ್ ಯಾಕ್ರೀ ತುಂಬಬೇಕು, ಪಾಲಕರು ತಾನೆ ತುಂಬಬೇಕು! ಅಲ್ಲಿಗೆ ಫೋನ್ ಕಟ್.

ನಂಬರ್ ಲಿಸ್ಟ್ ಇನ್ನೂ ಕೆಟ್ಟದು. ಪಿನ್ ಕೋಡ್ ಪ್ರಕಾರ ಜೋಡಿಸಿ ನೋಡಿ, ಐದು ನಿಮಿಷದ ಕೆಲಸ. ಬಳ್ಳಾರಿ ಊರಿನ ಪಿನ್‌ಗಳು 583101, 583102 ಹೀಗೆ ಹೋಗ್ತವೆ. ಲಿಸ್ಟ್‌ನಲ್ಲಿ 1,140 ನಂಬರ್ 583201, ಅಂದ್ರೆ ಹೊಸಪೇಟೆ. ಅಲ್ಲಿಂದ ಯಾರು ದಿನಾ ಮಗು ಕರ್ಕೊಂಡು ಬಳ್ಳಾರಿಗೆ ಬರ್ತಾರೆ? ವಿಳಾಸಗಳಲ್ಲಿ ‘ಹೊಸಪೇಟೆ, ಬಳ್ಳಾರಿ ಜಿಲ್ಲೆ’ ಅಂತ ಇತ್ತು. ಹೊಸಪೇಟೆ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಿ. ಹಂಗಾದ್ರೆ ಲಿಸ್ಟ್ ಅದಕ್ಕೂ ಮುಂಚಿನದು. ‘ಹಳೇ ಆಧಾರ್‌ನಲ್ಲಿ ಹಂಗೇ ಇರುತ್ತೆ ಮೇಡಂ’ ಅಂದ್ರು. ಇರಬಹುದು ಅಂತ ನಂಬರ್‌ಗಳಿಗೆ ಫೋನ್ ಮಾಡಿಯೇ ನೋಡಿದೆ. 60 ಕರೆಯಲ್ಲಿ 17 ಬಂದ್ ಆದ ನಂಬರ್, 11 ಎತ್ತಲಿಲ್ಲ, 9 ರಾಂಗ್ ನಂಬರ್, 14 ಮನೆಯಲ್ಲಿ ಮಕ್ಕಳು ಆಗಲೇ ದೊಡ್ಡೋರು, 5 ಜನ ‘ನಂಬರ್ ಯಾರು ಕೊಟ್ಟಿದ್ದು’ ಅಂತ ಬೈದು ಇಟ್ರು. ಉಳಿದಿದ್ದು 4. ಲಿಸ್ಟ್‌ನಲ್ಲಿ ವಯಸ್ಸು ‘12’ ಅಂತಿದ್ದ ಒಬ್ಬ ಹುಡುಗ ಪಿಯುಸಿ ಮುಗಿಸಿದ್ದಾನಂತೆ. ಲಿಸ್ಟ್ ಮಾತ್ರ ಅವನನ್ನ 12ರಲ್ಲೇ ಕೂಡಿಸಿದೆ.

ಬೈದವರ ಮೇಲೆ ಸಿಟ್ಟಿಲ್ಲ, ತಪ್ಪು ನನ್ನದೇ. ಒಪ್ಪಿಗೆ ಇಲ್ಲದೆ ಸಾಮಾನ್ಯ ಮೊಬೈಲ್‌ನಿಂದ ಪ್ರಚಾರದ ಕರೆ ಮಾಡಿದ್ರೆ ಅವರು 1909ಕ್ಕೆ ದೂರು ಕೊಡಬಹುದು, ದೂರು ಹೆಚ್ಚಾದ್ರೆ ನಮ್ಮ ಸಿಮ್ಮೇ ಬಂದ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18ರೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅಂತಿದೆ. ಮಾರುವಾಗ ಇದ್ಯಾವುದೂ ಬಾಯಿಗೆ ಬರಲ್ಲ. ರೊಕ್ಕ ವಾಪಸ್ ಕೇಳಿದ್ರೆ ಮಾತ್ರ ಕಾನೂನು ನೆನಪಾಗುತ್ತೆ: ‘ನೀವು ಬಿಸಿನೆಸ್‌ಗೆ ತಗೊಂಡಿದ್ದು, ಗ್ರಾಹಕರ ಕೋರ್ಟ್ ನಡೆಯಲ್ಲ.’ ಅದೂ ಅರ್ಧ ಸತ್ಯ. ಜೀವನೋಪಾಯಕ್ಕೆ ಸ್ವಂತ ದುಡಿಮೆ ಮಾಡೋರು ಅದಕ್ಕಂತಲೇ ಕೊಂಡ ಸರಕಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ.

ನೀವೇ ಮಾಡಿ. ಶಾಲೆ ಬಿಡೋ ಹೊತ್ತಿಗೆ ಗೇಟ್ ಹೊರಗೆ, ಆಟೋ ಕಾಯ್ತಾ ನಿಂತಿರೋ ತಾಯಂದ್ರನ್ನ ಕೇಳಿ. ಗಾಂಧಿನಗರದಲ್ಲಿ 20, ಕೌಲ್ ಬಜಾರ್‌ನಲ್ಲಿ 20 ಜನ ಸಾಕು. ತೆಲುಗು, ಉರ್ದು ಬರೋರು ಜೊತೆಗಿರಲಿ. ‘ಕಳಿಸ್ತೀರಾ’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಹೋದ ಸೂಟಿಯಲ್ಲಿ ಮಗು ಏನು ಮಾಡ್ತು, ಅದಕ್ಕೆ ಎಷ್ಟು ಖರ್ಚಾಯ್ತು ಅಂತ ಕೇಳಿ. ಕೊನೆಗೆ 200 ರೂಪಾಯಿ ಮುಂಗಡ ಕೇಳಿ, ರಸೀದಿ ಕೊಡಿ. ಹೂಂ ಅಂದವರಲ್ಲಿ ಎಷ್ಟು ಜನ ಪರ್ಸಿಗೆ ಕೈ ಹಾಕ್ತಾರೋ ಅಷ್ಟೇ ನಿಮ್ಮ ಗಿರಾಕಿ.

ಬಾಕಿ 10,000ಕ್ಕೆ ಅವರು ಇನ್ನೂ ದಿನಾ ಫೋನ್ ಮಾಡ್ತಿದ್ದಾರೆ. ನಿನ್ನೆ ಮೆಸೇಜ್: ‘ಮೇಡಂ, ದಸರಾ ಸೂಟಿಗೆ ಫ್ರೆಶ್ ಡೇಟಾ ಬಂದಿದೆ, ಹಳೇ ಕಸ್ಟಮರ್‌ಗೆ 30% ಡಿಸ್ಕೌಂಟ್.’ ಬಾಕಿನೂ ಕೊಡಲ್ಲ, ಡೇಟಾನೂ ಬೇಡ ಅಂತ ಬರೆದು ಸ್ಕ್ರೀನ್‌ಶಾಟ್ ಎತ್ತಿಟ್ಟಿದ್ದೀನಿ.