ಬೋರ್ಡ್ ಇಲ್ಲದ ರಸ್ತೆಯಲ್ಲಿ ಎಷ್ಟು ಸ್ಪೀಡ್? ಎರಡು ಫೋನ್ ಇಟ್ಟುಕೊಂಡು ನೋಡಿದೆ

ಊರಿಗೆ ಹೋಗುವಾಗಲೆಲ್ಲ ತುಮಕೂರು–ಅರಸೀಕೆರೆ ರಸ್ತೆಯಲ್ಲಿ ನನಗೆ ಒಂದೇ ಅನುಮಾನ. ಇಲ್ಲಿ ಎಷ್ಟರಲ್ಲಿ ಹೋಗಬೇಕು? ಸ್ವಲ್ಪ ದೂರ ನಾಲ್ಕು ಲೇನ್, ನಡುವೆ ಡಿವೈಡರ್. ಆಮೇಲೆ ದಿಢೀರನೆ ಎರಡೇ ಲೇನ್. ಸ್ಪೀಡಿನ ಬೋರ್ಡು ಮಾತ್ರ ಅಪರೂಪ. ಈ ಸಲ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎರಡು ಫೋನ್ ಇಟ್ಟೆ. ಯಾವುದನ್ನು ನಂಬಬಹುದು ಅಂತ ನೋಡಿಯೇ ಬಿಡೋಣ ಎಂದು ಹೊರಟೆವು.

ಮೊದಲು ಬೋರ್ಡಿನ ಮಾತು. ಕೆಂಪು ಉಂಗುರದೊಳಗೆ ಅಂಕಿ ಇದ್ದರೆ ಅದೇ ಲೆಕ್ಕ, ಫೋನ್ ಏನೇ ಹೇಳಲಿ. ಆದರೆ ಗುಬ್ಬಿ ದಾಟಿದ ಮೇಲೆ ಹೊಸ ಟಾರಿನ ಪಕ್ಕ 20ರ ಬೋರ್ಡೊಂದು ನಿಂತಿತ್ತು. ರಸ್ತೆ ಕೆಲಸದ ಕಾಲದ್ದು. ಜೆಸಿಬಿ ಹೋಗಿ ಎಷ್ಟು ದಿನವಾಗಿತ್ತೋ! ಮಿತಿ ಮುಗಿಯಿತು ಎಂದು ಹೇಳಲು ಬಿಳಿ ವೃತ್ತದ ಮೇಲೆ ಓರೆ ಗೆರೆಯ ಬೋರ್ಡು ಬರಬೇಕು. ಅದು ಬರಲೇ ಇಲ್ಲ. ಹಟಕ್ಕೆ 20ರಲ್ಲೇ ಹೋದೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ ಒಂದು ನಮ್ಮನ್ನು ಹಿಂದೆ ಹಾಕಿತು. "ಅಣ್ಣಾ, ಇಳಿದು ನಡೆಯೋಣ್ವಾ?" ಅಂದ ತಮ್ಮ.

ಮೊದಲ ಫೋನಿನಲ್ಲಿ ಎಲ್ಲರೂ ಬಳಸುವಂಥ ನಕ್ಷೆ ಆ್ಯಪ್. ಅದು ಧೈರ್ಯವಾಗಿ ಅಂಕಿ ತೋರಿಸುತ್ತದೆ. ಡಿವೈಡರ್ ಇದ್ದ ಕಡೆ 100 ಎಂದಿತು, ಸರಿ. ಡಿವೈಡರ್ ಮುಗಿದು ಎದುರಿನಿಂದ ಲಾರಿ ಬರುತ್ತಿದ್ದಾಗಲೂ 100. ಒಂದು ಕಡೆ ಮೇನ್ ರೋಡಿನಲ್ಲೇ ಇದ್ದರೂ ಸರ್ವಿಸ್ ರಸ್ತೆಯಲ್ಲಿದ್ದೀಯ ಅಂದುಕೊಂಡು 40 ಎಂದಿತು. ಅದಕ್ಕೆ ರಸ್ತೆ ಕಾಣುವುದಿಲ್ಲ, ಅಲ್ವಾ? ನಾವು ನಿಂತ ಜಾಗವನ್ನು ನಕ್ಷೆಯ ಹತ್ತಿರದ ಗೆರೆಗೆ ಅಂಟಿಸಿ, ಆ ಗೆರೆಗೆ ಯಾರೋ ಬರೆದಿಟ್ಟ ಅಂಕಿಯನ್ನು ಓದುತ್ತದೆ, ಅಷ್ಟೇ. ರಸ್ತೆ ಬದಲಾಗುತ್ತಲೇ ಇರುವಾಗ ಆ ಅಂಕಿ ಹಳಸುತ್ತದೆ.

ಎರಡನೆಯದರಲ್ಲಿ ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್. ಇದರ ಆ್ಯಪ್ ಹೆಚ್ಚು ಹೊತ್ತು ಖಾಲಿಯಾಗಿಯೇ ಇತ್ತು. ತಮ್ಮನಿಗೆ ಬೇಜಾರು, ನನಗೆ ಇದೇ ಇಷ್ಟ. ಗೊತ್ತಿಲ್ಲದ ಕಡೆ ಸುಮ್ನಿರುತ್ತದೆ. ತಪ್ಪು ಅಂಕಿ ಕಣ್ಣೆದುರು ಇದ್ದರೆ ಕಾಲು ತಾನಾಗಿ ಅದನ್ನೇ ನಂಬುತ್ತದೆ, ಖಾಲಿ ಇದ್ದರೆ ನಾವೇ ರಸ್ತೆ ನೋಡುತ್ತೇವೆ. ಮೇಲಾಗಿ ಇಲ್ಲಿ ನಾವೂ ತುಂಬಬಹುದು. ಮನೆಗೆ ಬಂದು, ಬೋರ್ಡು ಕಣ್ಣಾರೆ ಕಂಡ ಎರಡು ಕಡೆ ತುಂಬಿದೆ. ಆ 20 ಬಿಟ್ಟು!

ಕಾರಿನ ಬೀಪ್ ನಂಬುವವರು ಜಾಸ್ತಿ ಜನ ಇದ್ದಾರೆ. 2019ರ ಜುಲೈಯಿಂದ ಬರುವ ಕಾರುಗಳು 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಅನ್ನುತ್ತವೆ. ಅದಕ್ಕೂ ರಸ್ತೆಯ ಮಿತಿಗೂ ಸಂಬಂಧವೇ ಇಲ್ಲ. 70ರ ರಸ್ತೆಯಲ್ಲಿ ಅದು ತಡವಾಗಿ ಕೂಗುತ್ತದೆ. ಕಾರಿಗೆ 100 ಇರುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸುಮ್ಮನೆ ಕೂಗುತ್ತದೆ. ಹಳದಿ ಬೋರ್ಡಿನ ಟ್ಯಾಕ್ಸಿಯ ಹಿಂದೆ ಹೋಗುವುದೂ ಇದೇ ಕಥೆ. ಅದರ ಸ್ಪೀಡ್ ಗವರ್ನರ್ 80ಕ್ಕೆ ಕಟ್ಟಿರುತ್ತದೆ, ಅದೇನೂ ರಸ್ತೆಯ ಮಿತಿಯಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ತಮ್ಮ ಚೀಟಿಯಲ್ಲಿ ಬರೆದುಕೊಂಡಿದ್ದ ಪಟ್ಟಿ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದು. ಎಂಟು ಪ್ರಯಾಣಿಕರವರೆಗಿನ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ 100, ಊರೊಳಗೂ ಉಳಿದ ರಸ್ತೆಗಳಲ್ಲೂ 70. ಬೈಕಿಗೆ ಡಿವೈಡರ್ ಇದ್ದರೆ 80, ಇಲ್ಲದಿದ್ದರೆ 60. ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಾಡಬಹುದು, ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ ಅದಕ್ಕೆ ಬೋರ್ಡು ಹಾಕಬೇಕು. ಹಾಗಾಗಿ ಬೋರ್ಡು ಕಾಣದ ಕಡೆ ನೋಡಬೇಕಾದದ್ದು ಡಿವೈಡರ್. ಡಿವೈಡರ್ ಮುಗಿಯಿತೋ, 70.

ಇದರಲ್ಲೂ ಕೊರತೆ ಇದೆ. ಇದು ಗರಿಷ್ಠ ಮಿತಿ, ಹೋಗಲೇಬೇಕಾದ ಸ್ಪೀಡಲ್ಲ. ತಿಪಟೂರು ಪೇಟೆಯೊಳಗೆ 70ರಲ್ಲಿ ಹೋಗುವವನ ಲೈಸೆನ್ಸ್ ಕಿತ್ತುಕೊಳ್ಳಬೇಕು. ಊರು ಶುರುವಾಗುವ ಕಡೆ ಹಂಪ್ ಇರುತ್ತದೆ, ಅದಕ್ಕೆ ಬಣ್ಣವೂ ಇರುವುದಿಲ್ಲ. ಅಲ್ಲಿ ಪಟ್ಟಿ ಪಕ್ಕಕ್ಕಿಟ್ಟು 30ಕ್ಕೆ ಇಳಿಸುತ್ತೇನೆ.

ಫೋನ್ ಈಗಲೂ ಹಚ್ಚುತ್ತೇನೆ, ದಾರಿ ನೋಡಲು. ವಾಪಸ್ ಬರುವಾಗ ಕತ್ತಲಾಗಿತ್ತು. ಎರಡು ಲೇನಿನ ರಸ್ತೆ, ಎದುರಿನವರದೆಲ್ಲ ಹೈ ಬೀಮ್. ಮೊದಲ ಫೋನು ಮತ್ತೆ 100 ಎಂದಿತು. ತಮ್ಮ ಅರ್ಧ ನಿದ್ದೆಯಲ್ಲೇ ಫೋನಿನ ಕಡೆ ತಿರುಗಿ ಹೇಳಿದ: "ಡಿವೈಡರ್ ಎಲ್ಲಪ್ಪ?"