ರೇಡಿಯೇಟರ್ ಫ್ಯಾನ್ ಮತ್ತು ಶ್ರೌಡ್: ಆಗುಂಬೆ ಘಾಟಿಯಲ್ಲಿ ಮೂರು ವರ್ಷ

ಅಪ್ಪ 1996ರಲ್ಲಿ ಕೊಂಡ ಪೆಟ್ರೋಲ್ ಕಾರು ಈಗಲೂ ನಮ್ಮ ಮನೆಯಲ್ಲಿದೆ. ತೀರ್ಥಹಳ್ಳಿಯಿಂದ ಉಡುಪಿಗೆ ತಿಂಗಳಿಗೆ ಎರಡು ಸಲವಾದರೂ ಅದರಲ್ಲೇ ಹೋಗಿ ಬರುತ್ತೇನೆ. ಇಳಿಯುವಾಗ ಏನೂ ತೊಂದರೆ ಇರಲಿಲ್ಲ. ವಾಪಸ್ ಬರುವಾಗ ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು ಮಾಡಿದರೆ ಕಣ್ಣೆಲ್ಲ ಟೆಂಪರೇಚರ್ ಮುಳ್ಳಿನ ಮೇಲೆ. ಇರುವ 14 ತಿರುವಿನಲ್ಲಿ ಏಳೆಂಟು ಮುಗಿಯುವಷ್ಟರಲ್ಲಿ ಮುಳ್ಳು ಕೆಂಪಿನ ಹತ್ತಿರ. ಮುಂದೆ ಒಂದು ಮಿನಿ ಬಸ್ ಸಿಕ್ಕಿತೋ, ಗಾಡಿ ಬದಿಗೆ ಹಾಕಿ ಬೋನೆಟ್ ಎತ್ತಲೇಬೇಕು.

ಇಂಜಿನ್ನಿನ ಬಿಸಿ ನೀರನ್ನು, ಅಂದರೆ ಕೂಲೆಂಟನ್ನು, ತಣಿಸುವ ರೇಡಿಯೇಟರ್ ಬಿಚ್ಚಿ ಸರ್ವಿಸ್ ಮಾಡಿಸಿದೆ. 82 ಡಿಗ್ರಿಗೆ ತೆರೆದು ರೇಡಿಯೇಟರ್‌ಗೆ ಕೂಲೆಂಟ್ ಬಿಡುವ ಹೊಸ ಥರ್ಮೋಸ್ಟಾಟ್, ಹೊಸ ಕ್ಯಾಪ್ ಹಾಕಿಸಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ. ಕೊರತೆ ಇದ್ದದ್ದು ಗಾಳಿಯಲ್ಲಿ. ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಹಳೇ ಫ್ಯಾನ್ ಇಂಜಿನ್ ಜೊತೆಗೇ ಸುತ್ತುವಂಥದ್ದು, ಇಂಜಿನ್ ನಿಧಾನವಾದರೆ ಅದೂ ನಿಧಾನ. ಹೆದ್ದಾರಿಯಲ್ಲಿ 60ರ ಮೇಲೆ ಓಡುವಾಗ ಎದುರು ಗಾಳಿಯೇ ಸಾಕಾಗುತ್ತದೆ. ಫ್ಯಾನ್ ನಿಜವಾಗಿ ಬೇಕಾಗುವುದು ಘಾಟಿಯಲ್ಲಿ, ಟ್ರಾಫಿಕ್‌ನಲ್ಲಿ. ಸಾಲದ್ದಕ್ಕೆ, ಫ್ಯಾನಿನ ಸುತ್ತ ಇರಬೇಕಾದ ಕವರ್, ಅಂದರೆ ಶ್ರೌಡ್, ಯಾವುದೋ ರಿಪೇರಿಯಲ್ಲಿ ಬಿಚ್ಚಿದ್ದು ವಾಪಸ್ ಕೂತೇ ಇರಲಿಲ್ಲ.

ಮೂರು ವರ್ಷದ ಹಿಂದೆ 12 ಇಂಚಿನ, 12 ವೋಲ್ಟಿನ ಎಲೆಕ್ಟ್ರಿಕ್ ಫ್ಯಾನ್ ತಂದೆ. 2,400 ರೂಪಾಯಿ. ರೇಡಿಯೇಟರ್ ಹಿಂದೆ ಕೂತು ಗಾಳಿ ಎಳೆಯುವಂಥದ್ದು. ಜೊತೆಗೆ ಬಂದ ಪ್ಲಾಸ್ಟಿಕ್ ಟೈಗಳನ್ನು ರೇಡಿಯೇಟರ್‌ನ ಜಾಲರಿಯೊಳಗೆ ತೂರಿಸಿ ಕಟ್ಟಿಬಿಟ್ಟೆ. ಯಾರೂ ಹಾಗೆ ಮಾಡಬೇಡಿ. ಅಲುಗಾಡಿ ಅಲುಗಾಡಿ ಐದೇ ತಿಂಗಳಲ್ಲಿ ರೇಡಿಯೇಟರ್ ಒಳಗಿನ ಒಂದು ಕೊಳವೆ ಸವೆಯಿತು. ಟೈ ಕೂತಿದ್ದ ಜಾಗದಲ್ಲೇ ಹಸಿರು ಕೂಲೆಂಟ್ ಹನಿ ಕಂಡಿತು. ಘಾಟಿಯಲ್ಲಿ ಮುಳ್ಳು ಏರುವುದೂ ಪೂರ್ತಿ ನಿಂತಿರಲಿಲ್ಲ.

ಆಗ ಟೇಪು ಹಿಡಿದು ಅಳೆದೆ. ರೇಡಿಯೇಟರ್ 18 ಇಂಚು ಅಗಲ, 14 ಇಂಚು ಎತ್ತರ. ಅಂದರೆ 252 ಚದರ ಇಂಚು. 12 ಇಂಚಿನ ಫ್ಯಾನ್ ಆವರಿಸುವುದು ಸುಮಾರು 113. ಅರ್ಧಕ್ಕೂ ಕಡಿಮೆ! ಮೂಲೆಗಳೆಲ್ಲ ಗಾಳಿಯಿಲ್ಲದೆ ಸುಮ್ನೆ ಇದ್ದವು. ಅದೂ ಅಲ್ಲದೆ ಇಂಜಿನ್ ಕಡೆಯ ಬಿಸಿ ಗಾಳಿಯೇ ಪಕ್ಕದಿಂದ ನುಸುಳಿ ಮತ್ತೆ ಫ್ಯಾನಿಗೆ ಸಿಗುತ್ತಿತ್ತು.

ತಗಡಿನ ಕೆಲಸದವರ ಹತ್ತಿರ 1,300 ರೂಪಾಯಿಗೆ ಅಲ್ಯೂಮಿನಿಯಂ ಶ್ರೌಡ್ ಮಾಡಿಸಿದೆ. ಎರಡು ಇಂಚು ಆಳ, ಡಬ್ಬಕ್ಕೆ ಮುಚ್ಚಳ ಕೂತ ಹಾಗೆ ಇಡೀ ರೇಡಿಯೇಟರ್ ಮೇಲೆ ಕೂರುತ್ತದೆ. ಅಂಚಿಗೆ ರಬ್ಬರ್ ಬೀಡಿಂಗ್. ಫ್ಯಾನ್ ಶ್ರೌಡಿಗೆ, ಶ್ರೌಡ್ ರೇಡಿಯೇಟರ್‌ನ ಪಕ್ಕದ ಪಟ್ಟಿಗೆ ಬೋಲ್ಟ್. ಜಾಲರಿಗೆ ಏನೂ ತಾಗುವುದಿಲ್ಲ.

ಕೂರಿಸುವ ಮೊದಲು, ಆಮೇಲೆ ಎರಡು ಸಲವೂ ಒಂದು ಪರೀಕ್ಷೆ ಮಾಡಿದೆ. ಗಾಡಿ ನಿಲ್ಲಿಸಿ, ಫ್ಯಾನ್ ಹಾಕಿ, ರೇಡಿಯೇಟರ್ ಮುಂದೆ ದಿನಪತ್ರಿಕೆಯ ಒಂದು ಹಾಳೆ ಹಿಡಿದೆ. ಶ್ರೌಡ್ ಇಲ್ಲದಾಗ ನಡುಭಾಗ ಮಾತ್ರ ಅಂಟಿತು, ಮೂಲೆಗಳು ಪಟಪಟ ಅಂತಿದ್ದವು. ಶ್ರೌಡ್ ಹಾಕಿದ ಮೇಲೆ ನಾಲ್ಕು ಮೂಲೆಯೂ ಜಾಲರಿಗೆ ಮೆತ್ತಿಕೊಂಡಿತು. ಕೈಬಿಟ್ಟರೂ ಬೀಳಲಿಲ್ಲ. ಅವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಆಮೇಲಿನ ಎರಡೂವರೆ ವರ್ಷದಲ್ಲಿ ಘಾಟಿಯಲ್ಲಿ ಒಮ್ಮೆಯೂ ಗಾಡಿ ನಿಲ್ಲಿಸಿಲ್ಲ. ಮೇ ತಿಂಗಳ ಮಧ್ಯಾಹ್ನ ನಾಲ್ಕು ಜನ ಕೂತು ಹತ್ತಿದರೂ ಮುಳ್ಳು ಅರ್ಧಕ್ಕಿಂತ ತುಸು ಮೇಲೆ ನಿಲ್ಲುತ್ತದೆ. 92 ಡಿಗ್ರಿಗೆ ಫ್ಯಾನ್ ಶುರು, 87ಕ್ಕೆ ಬಂದ್.

ತೊಂದರೆಗಳೂ ಇವೆ. ವೇಗವಾಗಿ ಓಡುವಾಗ ಶ್ರೌಡಿನ ತಗಡೇ ಗಾಳಿಗೆ ಅಡ್ಡ. ಹಾಸನದ ಕಡೆ ಹೆದ್ದಾರಿಯಲ್ಲಿ ಇದು ಗೊತ್ತಾಯಿತು. ಎರಡೂ ಬದಿ ಸೀಳು ಮಾಡಿಸಿ ರಬ್ಬರ್ ಪಟ್ಟಿ ಇಳಿಬಿಟ್ಟೆ. ವೇಗದಲ್ಲಿ ಗಾಳಿಗೆ ತೆರೆದುಕೊಳ್ಳುತ್ತದೆ, ನಿಂತಾಗ ಫ್ಯಾನಿನ ಸೆಳೆತಕ್ಕೆ ಮುಚ್ಚಿಕೊಳ್ಳುತ್ತದೆ. ಫ್ಯಾನ್ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಜಾಸ್ತಿ. ಹಾಗಾಗಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು), ಫ್ಯೂಸ್ ಇಲ್ಲದೆ ಹಾಕಿಸಲೇಬೇಡಿ. ನನಗೆ ಮೊದಲು ನೇರ ಇಗ್ನಿಷನ್‌ನಿಂದ ಕೊಟ್ಟಿದ್ದ ವೈರು ಮುಟ್ಟಿದರೆ ಸುಡುತ್ತಿತ್ತು. ವೈರು ತಿರುಗಾಮುರುಗಾ ಆದರೆ ಫ್ಯಾನ್ ಉಲ್ಟಾ ಸುತ್ತಿ ಎದುರು ಗಾಳಿಯನ್ನೇ ತಳ್ಳುತ್ತದೆ, ಅದನ್ನೂ ಕಾಗದ ಹಿಡಿದೇ ನೋಡಿಕೊಳ್ಳಬಹುದು.

ಈಚೆಗೆ ಮೋಟಾರ್ ಶುರುವಾಗುವಾಗ ಸಣ್ಣಗೆ ಕಿರ್ ಅನ್ನುತ್ತಿದೆ. ಮಳೆಗಾಲಕ್ಕೆ ಮೊದಲು ಬಿಚ್ಚಿ ಅದರ ಅಚ್ಚು ಕೂರುವ ಬುಷ್ ನೋಡಿಸಬೇಕು.